ಗೊಂಬೆಯ ಸೊಸೆ

ಆ ದಿನ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದಿತ್ತು. ನಮ್ಮ ಬೀದಿಗೆ ನೀರು ಬಿಡುವ ದಿನ ಬೇರೆ ಯಾವ ಕೆಲಸವೂ ಮೊದಲಾಗುವುದಿಲ್ಲ. ಡ್ರಮ್ಮು, ಬಿಂದಿಗೆ, ಬಕೆಟ್ಟು, ಕೊನೆಗೆ ಅಡುಗೆಮನೆಯ ದೊಡ್ಡ ಪಾತ್ರೆಗಳು, ಎಲ್ಲವನ್ನೂ ತುಂಬಿಸಿ ಸೆರಗಿನ ತುದಿ ಹಿಂಡಿಕೊಂಡು ಒಳಗೆ ಬರುವಷ್ಟರಲ್ಲಿ ಹಾಲು ಉಕ್ಕಿ ಒಲೆಯ ಮೇಲೆ ಹರಿದಿತ್ತು. ನಮ್ಮ ಯಜಮಾನರು ಹಿರಿಯೂರಿನಲ್ಲಿ ಹೈಸ್ಕೂಲು ಮೇಷ್ಟರು. ಪರೀಕ್ಷೆಯ ಸಮಯವಾದ್ದರಿಂದ ರಜೆ ಸಿಕ್ಕಿರಲಿಲ್ಲ. ಅವರ ಡಬ್ಬಿಗೆ ಚಿತ್ರಾನ್ನ ಹಾಕಿ ಬಸ್ಸಿಗೆ ಕಳಿಸಿದೆ. ಆಮೇಲೆ ಆಸ್ಪತ್ರೆಯಲ್ಲಿದ್ದ ಅತ್ತೆಗೆ ರಾಗಿ ಗಂಜಿ ಕಾಯಿಸಿ ಫ್ಲಾಸ್ಕಿಗೆ ತುಂಬಿದೆ. ಬಿ.ಪಿ. ಇದೆ, ಉಪ್ಪು ಬೇಡ ಎಂದು ಡಾಕ್ಟರು ಹೇಳಿದ್ದರು. ಉಪ್ಪಿಲ್ಲದ ಗಂಜಿಗೆ ಅತ್ತೆ ಏನನ್ನುತ್ತಾರೆಂಬುದು ನನಗೆ ಮೊದಲೇ ಗೊತ್ತಿತ್ತು.

ಎರಡು ಚೀಲ ಸಿದ್ಧ ಮಾಡಿದೆ. ಒಂದರಲ್ಲಿ ಫ್ಲಾಸ್ಕು, ಒಗೆದ ಟವೆಲ್ಲು, ಬಾಚಣಿಗೆ, ಅತ್ತೆಯ ಎಲೆಅಡಿಕೆಯ ಸಂಚಿ. ಹಾಕಿಕೊಳ್ಳುವುದಕ್ಕಲ್ಲ, ದಿಂಬಿನ ಪಕ್ಕ ಇರಲಿ ಎಂದು ಅವರ ಹಟ. ಇನ್ನೊಂದರಲ್ಲಿ ಮಾಸಿದ ಕೆಂಪು ನೂಲಿನ ಸೀರೆ, ಒಂದು ಕೈಗಾಗುವಷ್ಟು ಹಸಿರು ಗಾಜಿನ ಬಳೆ. ಅದು ನನ್ನ ವೇಷ.

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯವಳು ಕರಿಬೇವು ಕೇಳಿದಳು. ಅವಳ ಗಂಡನದು ಪೇಟೆಯಲ್ಲಿ ಬಳೆ ಅಂಗಡಿ. ನನ್ನ ವೇಷದ ಬಳೆಗಳೂ ಅಲ್ಲಿಯವೇ.

"ಇವತ್ತೂ ನಾಟ್ಕ ಐತೇನಕ್ಕಾ?"

"ಇದೆ. ಹೊರಗಿನಿಂದ ಯಾರೋ ನೋಡೋಕೆ ಬರ್ತಾರಂತೆ. ಅತ್ತೆಯ ಎದೆಯಲ್ಲಿರೋ ನೀರನ್ನೂ ಇವತ್ತೇ ತೆಗೀತಾರೆ."

"ಎರಡೂ ಒಂದೇ ಕಡೆ ಆತಲ್ಲ, ಬಿಡ್ರಿ. ಆಟೋ ದುಡ್ಡು ಉಳೀತು."

ಆ ನಾಟಕದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಆಸ್ಪತ್ರೆಯ ಹೆಸರು ಬೇಡ. ಅದರ ಮೇಲಿನ ಮಹಡಿಯಲ್ಲಿ ಸಿಮ್ಯುಲೇಶನ್ ಲ್ಯಾಬ್ ಎಂಬ ತಣ್ಣನೆಯ ಕೋಣೆಯೊಂದಿದೆ. ಎಂ.ಬಿ.ಬಿ.ಎಸ್. ಮುಗಿಸಿ ಮುಂದಕ್ಕೆ ಓದುವ ಪಿ.ಜಿ. ಡಾಕ್ಟರುಗಳು ರೋಗಿಯ ಮೈ ಮುಟ್ಟುವ ಮೊದಲು ಅಲ್ಲಿ ಗೊಂಬೆಯ ಮೇಲೆ ಕೈ ಪಳಗಿಸಿಕೊಳ್ಳುತ್ತಾರೆ. ರಬ್ಬರಿನ ದೊಡ್ಡ ಗೊಂಬೆ. ಬೆನ್ನಿನ ಕಡೆ ಒಂದು ಚೌಕದ ತೇಪೆ, ಅದರ ಹಿಂದೆ ಅರಿಶಿನ ಕದಡಿದ ನೀರು. ಸೂಜಿ ಸರಿಯಾದ ಜಾಗಕ್ಕೆ ಹೋದರೆ ಸಿರಿಂಜಿಗೆ ಹಳದಿ ನೀರು ಬರುತ್ತದೆ. ತಪ್ಪಿದರೆ ಏನೂ ಆಗುವುದಿಲ್ಲ, ತೇಪೆ ಬದಲಾಯಿಸಿದರಾಯಿತು. ಗೊಂಬೆ ಹೆದರುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ, ಅಳುವುದಿಲ್ಲ. ಅದಕ್ಕೋಸ್ಕರ ನನ್ನನ್ನು ಕರೆಯುತ್ತಿದ್ದರು. ನಾನು ಗೊಂಬೆಯ ಕಡೆಯವಳು. ಮಂಚದ ಪಕ್ಕ ನಿಂತು ಹೆದರಬೇಕು, ಕೇಳಬೇಕು, ಅಳಬೇಕು. ಡಾಕ್ಟರು ನನ್ನನ್ನು ಸಮಾಧಾನ ಮಾಡಿ ಒಪ್ಪಿಗೆ ಪಡೆಯಬೇಕು. ಗೋಡೆಯ ಪಕ್ಕ ಕುಳಿತವರು ಹಾಳೆಯ ಮೇಲೆ ಗುರುತು ಹಾಕುತ್ತಿದ್ದರು: ಸ್ಟೂಲ್ ಎಳೆದುಕೊಂಡು ಕುಳಿತರೇ, ರೋಗಿಯ ಹೆಸರು ಕೇಳಿದರೇ, ಸೂಜಿ ಹಾಕುವವರು ಯಾರೆಂದು ಹೇಳಿದರೇ, ಹಿರಿಯರೊಬ್ಬರು ಪಕ್ಕದಲ್ಲಿರುತ್ತಾರೆಂದು ಹೇಳಿದರೇ, "ನಿಮಗೇನಾದರೂ ಕೇಳುವುದಿದೆಯೇ" ಎಂದರೇ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಪಾತ್ರ ಇಂಗ್ಲಿಷಿನಲ್ಲಿ ಬರೆದುಕೊಟ್ಟರೆ ಓದಿಕೊಳ್ಳುತ್ತೇನೆ, ಹೇಳಿದ ಜಾಗದಲ್ಲಿ ನಿಲ್ಲುತ್ತೇನೆ, ದನಿ ಏರಿಸುವುದಿಲ್ಲ. ಆದರೆ ಅವರಿಗೆ ಬೇಕಾಗಿದ್ದದ್ದು ಶ್ರೀರಾಂಪುರದ ಕಡೆಯ, ಶಾಲೆಗೆ ಹೋಗದ ಹೆಂಗಸು. ಮೊದಲ ದಿನ ನಾನು "ನಮ್ಮ ಅತ್ತೆಯವರಿಗೆ ಉಸಿರಾಟದ ತೊಂದರೆ ಇದೆ ಡಾಕ್ಟರ್" ಎಂದಾಗ ಪಿ.ಜಿ. ಹುಡುಗರು ತುಟಿ ಕಚ್ಚಿ ನಕ್ಕಿದ್ದರು.

ಮನೆಗೆ ಬಂದು ಹೇಳಿದಾಗ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಹಿರೇಗುಂಟನೂರಿನ ಕಡೆಯವರು, ಕುರಿ ಹಿಂಡಿನ ಹಿಂದೆ ಬೆಳೆದವರು. "ನನಗೊಬ್ಬಳಿಗೆ ಸೊಸೆ ಆಗಿದ್ದು ಸಾಲ್ದು ಅಂತ ಆ ಗೊಂಬೆಗೂ ಸೊಸೆ ಆದ್ಯೇನೇ? ಅಳೋಕೂ ಸಂಬಳ ಕೊಡ್ತಾರೇನು? ಮದುವೆ ಆದಾಗಿಂದ ಪುಕ್ಕಟೆ ಅತ್ತೀಯಲ್ಲ, ಹಾಳಾತು!" ಆಮೇಲೆ ಕಾಲು ಚಾಚಿ ಕೂತು ಪಾಠ ಶುರು ಮಾಡಿದರು. "ಉಸಿರಾಟ ಗಿಸಿರಾಟ ಬ್ಯಾಡ. ದಮ್ಮು ಕಟ್ತೈತೆ ಸ್ವಾಮಿ ಅನ್ನು. ಅನ್ನುವಾಗ ಡಾಕ್ಟ್ರ ಮುಖ ನೋಡ್ಬ್ಯಾಡ, ಮಲಗಿರೋರ ಕಾಲು ನೋಡು. ನಮ್ಮೋರು ದೊಡ್ಡೋರ ಮುಖ ನೋಡಿ ಅಳಾಕಿಲ್ಲ." ಸೆರಗನ್ನು ಎಲ್ಲಿ ಹಿಡಿಯಬೇಕು, ಕಣ್ಣೀರು ಬರದಿದ್ದರೆ ಮೂಗು ಹೇಗೆ ಎಳೆಯಬೇಕು, ಎಲ್ಲವನ್ನೂ ಅವರಿಂದಲೇ ಕಲಿತೆ. ಸೊಪ್ಪು ಸೋಸುತ್ತ ಅವರು ಡಾಕ್ಟರಾಗುತ್ತಿದ್ದರು, ನಾನು ಸೊಸೆಯಾಗುತ್ತಿದ್ದೆ. ಹೀಗೆ ನಾನು ಲ್ಯಾಬಿನಲ್ಲಿ ಆಡಿದ ಪ್ರತಿ ಮಾತೂ ಅತ್ತೆಯದಾಯಿತು. ಅವರು ಒಮ್ಮೆಯೂ ಆ ಕೋಣೆ ನೋಡಿರಲಿಲ್ಲ.

ಅಂಥವರಿಗೇ ದಮ್ಮು ಕಟ್ಟಿತು. ಎಡಗಡೆ ಎದೆಯಲ್ಲಿ ನೀರು. ಮಲಗಿದರೆ ಉಸಿರು ನಿಂತ ಹಾಗಾಗುತ್ತಿತ್ತು. ಗೋಡೆಗೆ ದಿಂಬು ಒಟ್ಟಿ, ಅದಕ್ಕೊರಗಿ ಕೂತೇ ರಾತ್ರಿ ಕಳೆಯುತ್ತಿದ್ದರು. ತಲೆ ತೂಗಿ ಪಕ್ಕಕ್ಕೆ ಬಿದ್ದೊಡನೆ ಬೆಚ್ಚಿ ಏಳುತ್ತಿದ್ದರು. ಅವರು ಕೇಳಿಕೊಂಡದ್ದು ಒಂದೇ. "ಒಂದ್ ರಾತ್ರಿ ಕಾಲು ಚಾಚಿ ಮಲಗಿದ್ರೆ ಸಾಕು ಕಣೇ. ಆಮೇಲೆ ಏನಾದ್ರೂ ಆಗ್ಲಿ." ನನಗೆ ಗೊತ್ತಿದ್ದ ಆಸ್ಪತ್ರೆ ಅದೊಂದೇ. ಅಲ್ಲೇ ಸೇರಿಸಿದೆವು.

ಹಿಂದಿನ ಸಂಜೆ ಮೂರನೆಯ ವರ್ಷದ ಪಿ.ಜಿ. ಹುಡುಗ ಸ್ಕ್ಯಾನಿಂಗ್ ಮಶಿನ್ನನ್ನು ಗಾಲಿಯ ಮೇಲೆ ತಳ್ಳಿಕೊಂಡು ಬಂದಿದ್ದ. ಲ್ಯಾಬಿನಲ್ಲಿ ನನ್ನನ್ನು ಎಲ್ಲರಿಗಿಂತ ಚೆನ್ನಾಗಿ ಸಮಾಧಾನ ಮಾಡುತ್ತಿದ್ದವನು ಅವನೇ. ಆ ವಾರ್ಡಿಗೆ ಅದೊಂದೇ ಮಶಿನ್ನು. ಆಯುಧ ಪೂಜೆಯಲ್ಲಿ ಇಟ್ಟ ಕುಂಕುಮದ ಬೊಟ್ಟು ಅದರ ಪಕ್ಕದಲ್ಲಿ ಇನ್ನೂ ಇತ್ತು, ಮುರಿದ ಹಿಡಿಗೆ ಬಿಳಿ ಪ್ಲಾಸ್ಟರು ಸುತ್ತಿದ್ದರು. ಅತ್ತೆ ಕುಂಕುಮ ನೋಡಿ "ಇದಕ್ಕೂ ಇಟ್ಟವ್ರಲ್ಲ, ಒಳ್ಳೇದಾತು" ಎಂದರು. ಅವನು ನಿಂತುಕೊಂಡೇ ಬೆನ್ನಿಗೆ ಜೆಲ್ಲು ಸವರಿ ನೋಡಿದ. ಹೆಸರು ಕೇಳಲಿಲ್ಲ, ಮಂಚದ ನಂಬರು ನೋಡಿ ಬರೆದುಕೊಂಡ. ನನ್ನ ಗುರುತು ಸಿಕ್ಕಿದ್ದೇ ನಾನು "ಎಕ್ಸ್‌ಕ್ಯೂಸ್ ಮಿ ಡಾಕ್ಟರ್" ಎಂದಾಗ.

"ಓ, ಮೇಡಂ! ನೀವಾ? ಇವರು ನಿಮ್ಮ ಅತ್ತೇನಾ, ನಿಜವಾದ ಅತ್ತೆ?" ಎಂದು ನಕ್ಕ. "ನೀರು ಒಂದೇ ಕಡೆ ಇಲ್ಲ, ಗೂಡುಗೂಡಾಗಿ ಕಟ್ಟಿಕೊಂಡಿದೆ. ಮಶಿನ್ನಿನಲ್ಲಿ ನೋಡಿಕೊಂಡೇ ಸೂಜಿ ಹಾಕಬೇಕು. ನಾಳೆ ಲ್ಯಾಬ್ ಮುಗಿಸಿಕೊಂಡು ಒಟ್ಟಿಗೇ ಬರೋಣ. ನಾನೇ ಮಾಡ್ತೀನಿ."

"ನಾನು ಬರೋವರೆಗೆ ಯಾರೂ ಮುಟ್ಟಲ್ಲ ಅಲ್ವಾ? ಪ್ಲೀಸ್."

"ಪ್ರಾಮಿಸ್ ಮೇಡಂ. ಯಾರೂ ಮುಟ್ಟಲ್ಲ."

ಬೆಳಿಗ್ಗೆ ನಾನು ವಾರ್ಡಿಗೆ ಹೋದಾಗ ಅತ್ತೆ ಗಂಜಿ ಕುಡಿದು ಮುಖ ಸಿಂಡರಿಸಿದರು. "ಉಪ್ಪು ಹಾಕದಿರೋದು ನಿಮ್ ಡಾಕ್ಟ್ರು ಕಲಿಸಿದ್ದಾ, ನಿಮ್ ಕಾನ್ವೆಂಟಾಗೆ ಕಲಿಸಿದ್ದಾ?" ತಲೆ ಬಾಚಿದೆ. ಮಾತಿನ ಮಧ್ಯೆ ಮಧ್ಯೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದರು. ಲ್ಯಾಬಿನಿಂದ ಎರಡನೆಯ ಸಲ ಫೋನು ಬಂದಾಗ ಅವರೇ ನನ್ನನ್ನು ತಳ್ಳಿದರು. "ಹೋಗು. ಗೊಂಬೆ ಕಾಯ್ತೈತೆ. ಚೆನ್ನಾಗಿ ಅಳು." ಪಕ್ಕದ ಮಂಚದ ಅಜ್ಜಿಯ ಮಗಳು, ಹೊಸದುರ್ಗದ ಕಡೆಯ ಹೆಂಗಸು, "ಹೋಗಿ ಬರ್ರಿ ಅಕ್ಕ, ನಾ ನೋಡ್ಕಂತೀನಿ" ಎಂದಳು.

ಲ್ಯಾಬಿನ ಬಾತ್‌ರೂಮಿನಲ್ಲಿ ಸೀರೆ ಬದಲಾಯಿಸಿ ಬಳೆ ಹಾಕಿಕೊಂಡೆ. ಒಳಗೆ, ತಪಾಸಣೆಗೆಂದು ಹೊರಗಿನಿಂದ ಬಂದವರು ಕೋಟು ಹಾಕಿಕೊಂಡು ಸಾಲಾಗಿ ಕುಳಿತಿದ್ದರು. ಅವರ ಪಕ್ಕದಲ್ಲಿ ವಿಭಾಗದ ದೊಡ್ಡ ಡಾಕ್ಟರು. ಎಲ್ಲರ ಮುಂದೆ ಗೋಡಂಬಿ ಇಟ್ಟ ತಟ್ಟೆ. ಗೊಂಬೆಗೆ ಹೊಸ ತೇಪೆ, ಹೊಸ ಹೊದಿಕೆ. ಮೂರನೆಯ ವರ್ಷದ ಹುಡುಗ ಬಂದ. ಸ್ಟೂಲ್ ಎಳೆದುಕೊಂಡು ಕುಳಿತ.

"ನಮಸ್ಕಾರ ಅಮ್ಮಾ. ಅಜ್ಜಿಯ ಹೆಸರೇನು?"

ಪಾತ್ರದಲ್ಲಿದ್ದ ಹೆಸರು ಹೇಳಿದೆ. ಹೇಳಿ, ಅತ್ತೆ ಕಲಿಸಿದ ಹಾಗೆ ಕಾಲಿನ ಕಡೆ ನೋಡಿದೆ. ಗೊಂಬೆಯ ಕಾಲಿನ ಆಚೆ ಸ್ಕ್ಯಾನಿಂಗ್ ಮಶಿನ್ನು ನಿಂತಿತ್ತು. ಲ್ಯಾಬಿಗೂ ಒಂದು ಬಂದಿರಬಹುದು ಎಂದುಕೊಂಡೆ. ಅಷ್ಟರಲ್ಲಿ ಹಿಡಿಗೆ ಸುತ್ತಿದ ಬಿಳಿ ಪ್ಲಾಸ್ಟರು ಕಾಣಿಸಿತು. ಆಮೇಲೆ ಕುಂಕುಮ ಕಾಣಿಸಿತು.

ಅವನು ಹೇಳುತ್ತಿದ್ದ: "ಸೂಜಿ ಹಾಕೋನು ನಾನೇ. ನಮ್ಮ ದೊಡ್ಡ ಡಾಕ್ಟರು ಪಕ್ಕದಲ್ಲೇ ಇರ್ತಾರೆ. ಮಶಿನ್ನಲ್ಲಿ ನೋಡ್ಕೊಂಡೇ ಹಾಕ್ತೀನಿ. ನಿಮಗೇನಾದ್ರೂ ಕೇಳೋದಿದೆಯಾ ಅಮ್ಮಾ?"

ನನ್ನ ಪಾತ್ರದಲ್ಲಿ ಆಗ ಬರುವ ಪ್ರಶ್ನೆ ನೋವಾಗುತ್ತದೆಯೇ ಎಂಬುದು. ನನ್ನ ಬಾಯಿಂದ ಬಂದದ್ದು ಬೇರೆ.

"ಈ ಮಶಿನ್ನು ಕೆಳಗಿನ ವಾರ್ಡಿಂದು. ಇದು ಇಲ್ಲೈತೆ, ನೀವೂ ಇಲ್ಲೇ ಅದೀರಿ, ದೊಡ್ಡೋರೂ ಇಲ್ಲೇ ಕುಂತವ್ರೆ. ಕೆಳಗೆ ನಮ್ಮತ್ತೆ ತಾವ ಯಾರವ್ರೆ ಸ್ವಾಮಿ?"

ಕೆಂಪು ಸೀರೆ, ಹಸಿರು ಬಳೆ, ಬಾಯಲ್ಲಿ ಅತ್ತೆಯ ಮಾತು. ಹೆದರಿಕೆಯಲ್ಲಿ ನನಗೆ ಬೇರೆ ಮಾತೇ ಹೊಳೆಯಲಿಲ್ಲ. ಕೋಟಿನವರೊಬ್ಬರು ಪಕ್ಕದವರಿಗೆ ಇಂಗ್ಲಿಷಿನಲ್ಲಿ "ತುಂಬಾ ಸಹಜವಾಗಿದೆ" ಎಂದದ್ದು ಕೇಳಿಸಿತು. ಹುಡುಗ ಒಂದು ಗಳಿಗೆ ಮಶಿನ್ನಿನ ಕಡೆ ನೋಡಿದ. ಅವನ ಕಣ್ಣು ಕುಂಕುಮದ ಮೇಲೆ ನಿಂತದ್ದನ್ನು ನಾನು ಕಂಡೆ. ಅವನಿಗೆ ಅರ್ಥವಾಯಿತು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟ. ಬೆರಳುಗಳು ಕಟ್ಟಿಗೆಯ ಹಾಗೆ ಸೆಟೆದಿದ್ದವು, ದನಿ ಮಾತ್ರ ಬೆಣ್ಣೆಯ ಹಾಗಿತ್ತು.

"ನಿಮ್ಮ ಆತಂಕ ನನಗೆ ಅರ್ಥ ಆಗುತ್ತೆ ಅಮ್ಮಾ. ನಿಮ್ಮ ಜಾಗದಲ್ಲಿ ಯಾರಿದ್ರೂ ಹೀಗೇ ಕೇಳ್ತಿದ್ರು. ಅವರ ಹತ್ರ ನಮ್ಮವರು ಇದ್ದೇ ಇರ್ತಾರೆ."

"ಡಾಕ್ಟರ್, ಐ ಆ್ಯಮ್ ನಾಟ್ ಆ್ಯಕ್ಟಿಂಗ್" ಎಂದೆ. ದನಿ ಏರಿಸಲಿಲ್ಲ. ಏರಿಸಿ ನನಗೆ ರೂಢಿಯಿಲ್ಲ.

ಕೋಣೆಯಲ್ಲಿ ಸಣ್ಣಗೆ ನಗು ಎದ್ದಿತು. ಹಳ್ಳಿಯ ಹೆಂಗಸು ಇದ್ದಕ್ಕಿದ್ದಂತೆ ಇಂಗ್ಲಿಷು ಮಾತಾಡಿದ್ದು ಅವರಿಗೆ ತಮಾಷೆಯಾಗಿ ಕಂಡಿತ್ತು. ದೊಡ್ಡ ಡಾಕ್ಟರು ಮಾತ್ರ ನಗಲಿಲ್ಲ, ಕೈಗಡಿಯಾರ ನೋಡಿಕೊಂಡರು. "ಅಲ್ಲಿಗೆ ಸಾಕು ಮೇಡಂ, ಥ್ಯಾಂಕ್ ಯೂ. ಈಗ ಪ್ರೊಸೀಜರ್ ನೋಡೋಣ" ಎಂದರು. ಗೋಡೆಯ ಪಕ್ಕ ಪೆನ್ನುಗಳು ಓಡುತ್ತಿದ್ದವು. ಗಾಬರಿಯಾದ ಸಂಬಂಧಿಕರನ್ನು ಸಮಾಧಾನ ಮಾಡಿದರೇ, ಮಾಡಿದರು. ಹುಡುಗ ಗೊಂಬೆಯ ಬೆನ್ನಿನ ಕಡೆ ತಿರುಗಿ ಕೈಗವಸು ಹಾಕಿಕೊಳ್ಳತೊಡಗಿದ. ನಾನು ವೇಷದಲ್ಲೇ ಮೆಟ್ಟಿಲಿಳಿದು ಓಡಿದೆ.

ಅತ್ತೆಯ ಮಂಚಕ್ಕೆ ಹಸಿರು ಪರದೆ ಎಳೆದಿತ್ತು. ಹೊಸದುರ್ಗದ ಹೆಂಗಸು ಹೊರಗೆ ನಿಂತು ಕೈ ಹೊಸೆಯುತ್ತಿದ್ದಳು.

"ಎಲ್ಲಿಗೆ ಹೋಗಿದ್ರಿ ಅಕ್ಕ? ಆ ಚಿಕ್ಕ ಡಾಕ್ಟ್ರಮ್ಮ ಒಬ್ಬಳೇ ಬಂದ್ಲು. ನಿಮ್ಮತ್ತೆ 'ಸೊಸೆ ಬರ್ಲಿ ತಾಯಿ, ಆ ಹುಡುಗ ಬರ್ಲಿ, ಅವ್ನು ಹಂಗಂತ ಹೇಳವ್ನೆ' ಅಂತ ಅಂದ್ಲು. 'ಬೇಗ ಆಗುತ್ತೆ ಅಜ್ಜಿ, ಮಧ್ಯಾಹ್ನ ದೊಡ್ಡೋರು ರೌಂಡ್ಸ್ ಬರ್ತಾರೆ, ಅಷ್ಟರೊಳಗೆ ಮುಗಿಸು ಅಂದವ್ರೆ' ಅಂದ್ಲು ಆ ಹುಡುಗಿ. ಬೆನ್ನು ಬಡಿದು ಬಡಿದು ನೋಡಿದ್ಲು. ಚುಚ್ಚಿದ್ಲು, ನೀರು ಬರ್ಲಿಲ್ಲ. ತೆಗೆದು ಇನ್ನೊಂದು ಕಡೆ ಚುಚ್ಚಿದ್ಲು. ಆಮೇಲೆ ಮತ್ತೆ. ಮೂರ್ನೇದಕ್ಕೆ ಮುದುಕಿ ಕೆಮ್ಮಿದ್ಲು ನೋಡ್ರಿ, ಆಮೇಲೆ ಉಸಿರೇ ಇಲ್ದಂಗಾತು."

ಪರದೆ ಸರಿಸಿದೆ. ಅತ್ತೆ ಮುಂದಕ್ಕೆ ಬಾಗಿ ಕೂತಿದ್ದರು. ತುಟಿ ನೇರಳೆಯಾಗಿತ್ತು. ಮೂಗಿಗೆ ಆಕ್ಸಿಜನ್. ಬೆಳಿಗ್ಗೆ ನಾನು ಹೆಣೆದ ಜಡೆಯ ತುದಿಗೆ ರಕ್ತ ತಾಕಿತ್ತು. ಮೊದಲ ವರ್ಷದ ಆ ಹುಡುಗಿ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಕೈಗವಸು ತೆಗೆದಿರಲಿಲ್ಲ. ಕೈಗಳನ್ನು ಏನು ಮಾಡಬೇಕೆಂದು ತಿಳಿಯದವಳ ಹಾಗೆ ಮುಂದಕ್ಕೆ ಚಾಚಿಕೊಂಡಿದ್ದಳು. ಅವಳನ್ನೂ ಲ್ಯಾಬಿನಲ್ಲಿ ಒಮ್ಮೆ ನೋಡಿದ್ದೆ, ಹಿಂದಿನ ಸಾಲಿನಲ್ಲಿ. ಅವಳ ಸರದಿ ಬರುವ ಮೊದಲೇ ತೇಪೆಗಳು ಮುಗಿದುಹೋಗಿದ್ದವು.

"ಮಶಿನ್ ಇರ್ಲಿಲ್ಲ ಆಂಟಿ" ಎಂದಳು. "ನಾನು ಕೇಳಿದೆ. ಮೇಲೆ ಬೇಕು ಅಂದ್ರು."

ನಾನು ಅತ್ತೆಯ ಜಡೆಯನ್ನು ಎತ್ತಿ ಹೆಗಲ ಮೇಲಿಂದ ಮುಂದಕ್ಕೆ ಹಾಕಿದೆ.

ಎಕ್ಸರೇ ತೆಗೆದರು. ಸೂಜಿ ಶ್ವಾಸಕೋಶಕ್ಕೆ ತಾಕಿ ಸುತ್ತ ಗಾಳಿ ಸೇರಿಕೊಂಡಿದೆ, ಪಕ್ಕೆಯಲ್ಲಿ ರಂಧ್ರ ಮಾಡಿ ಕೊಳವೆ ಹಾಕಬೇಕು ಎಂದರು. ಹಾಕಲು ಬಂದವನು ಅದೇ ಮೂರನೆಯ ವರ್ಷದ ಹುಡುಗ. ಅವನ ಹಿಂದೆ ಆಯಾ ಮಶಿನ್ನನ್ನು ತಳ್ಳಿಕೊಂಡು ಬಂದಳು. ಒಂದು ಗಾಲಿ ಕಿರುಗುಟ್ಟುತ್ತಿತ್ತು.

"ಇದು ಆಗಬಹುದಾದ ತೊಂದರೆ ಮೇಡಂ. ಸೇರಿಸುವಾಗ ಸಹಿ ಮಾಡಿದ ಹಾಳೆಯಲ್ಲಿ ಬರೆದಿರುತ್ತೆ" ಎಂದ. ನಿಂತೇ ಇದ್ದ. ಮಂಚದ ಕೆಳಗೆ ಸ್ಟೂಲ್ ಇತ್ತು. ನಾನು ಅದನ್ನು ಎಳೆದು ಅವನ ಮುಂದೆ ಇಟ್ಟೆ. ಅವನು ಸ್ಟೂಲ್ ನೋಡಿದ, ನನ್ನನ್ನು ನೋಡಿದ. ಕಿವಿಯ ತುದಿ ಕೆಂಪಾಯಿತು.

"ಮುಟ್ಟಲ್ಲ ಅಂದಿದ್ರಿ" ಎಂದೆ.

"ನನ್ನ ಕೈಲಿ ಏನಿತ್ತು ಮೇಡಂ? ನಾನು ಮೇಲಿದ್ದೆ. ನೀವೇ ನೋಡಿದ್ರಲ್ಲ."

"ನೋಡಿದೆ."

ಅವನು ಕುಳಿತುಕೊಳ್ಳಲಿಲ್ಲ. ಸ್ಟೂಲನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ನನ್ನನ್ನು ಹೊರಗೆ ಹೋಗಲು ಹೇಳಿದ. ಕೊಳವೆ ಹಾಕಿದ್ದು ಚೆನ್ನಾಗಿಯೇ ಹಾಕಿದನಂತೆ. ಕೈ ಪಳಗಿದೆ.

ನಾನು ಮತ್ತೆ ಒಳಗೆ ಹೋದಾಗ ಕೊಳವೆಯ ಇನ್ನೊಂದು ತುದಿ ನೆಲದ ಮೇಲಿನ ಬಾಟಲಿಯ ನೀರಿನಲ್ಲಿ ಮುಳುಗಿತ್ತು. ಅತ್ತೆ ಉಸಿರು ಬಿಟ್ಟಾಗಲೆಲ್ಲ ಅಲ್ಲಿ ಗುಳ್ಳೆ ಏಳುತ್ತಿತ್ತು. ಗೂಡು ಕಟ್ಟಿಕೊಂಡ ನೀರು ಹಾಗೇ ಇತ್ತು. ಅದನ್ನು ಆಮೇಲೆ ನೋಡೋಣ ಎಂದಿದ್ದರು. ಅತ್ತೆಯನ್ನು ಬೆನ್ನಿಗೆ ದಿಂಬು ಕೊಟ್ಟು ಮತ್ತೆ ಕೂರಿಸಿದ್ದರು. ಈಗ ಎಡಕ್ಕೂ ಒರಗುವಂತಿಲ್ಲ, ಕೊಳವೆ.

"ಆ ಹುಡುಗೀನ ಬೈಬ್ಯಾಡ" ಎಂದು ಪಿಸುಗುಟ್ಟಿದರು. ಅಷ್ಟಕ್ಕೇ ಮೂರು ಸಲ ನಿಂತರು. "ಕೈ ನಡುಗ್ತಿತ್ತು ಪಾಪ. ಹೇಳಿಕೊಡೋರು ಯಾರೂ ಇರ್ಲಿಲ್ಲ."

ಸಂಜೆಯ ಹೊತ್ತಿಗೆ ಲ್ಯಾಬಿನ ಗುಮಾಸ್ತರು ನನ್ನನ್ನು ಹುಡುಕಿಕೊಂಡು ವಾರ್ಡಿಗೇ ಬಂದರು. ಕೈಯಲ್ಲಿ ನಾನು ಮೇಲೆ ಬಿಟ್ಟುಬಂದಿದ್ದ ಚೀಲ, ಅದರ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿದ ಒಂದು ಶಾಲು. "ಬಂದೋರು ತುಂಬಾ ಮೆಚ್ಚಿಕೊಂಡ್ರು ಮೇಡಂ. ಸನ್ಮಾನಕ್ಕೆ ಕರೆದ್ರೆ ನೀವು ಇರ್ಲೇ ಇಲ್ಲ. ಸರ್ ಇದನ್ನ ಕೊಡೋಕೆ ಹೇಳಿದ್ರು." ನಾನು ಇನ್ನೂ ಕೆಂಪು ಸೀರೆಯಲ್ಲೇ ಇದ್ದೆ. "ಥ್ಯಾಂಕ್ ಯೂ" ಎಂದೆ. ಎಂಟು ವರ್ಷದವಳಿದ್ದಾಗ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದು, ಯಾರು ಏನು ಕೊಟ್ಟರೂ ಮೊದಲು ಅದೇ ಬಾಯಿಗೆ ಬರುತ್ತದೆ.

ಅತ್ತೆ ಕಣ್ಣು ತೆರೆದು ಶಾಲು ನೋಡಿದರು.

"ಏನೇ ಅದು?"

"ಶಾಲು ಅತ್ತೆ. ಕೊಟ್ರು."

"ಚೆನ್ನಾಗಿ ಅತ್ತ್ಯೇನೇ?"

ಬಾಟಲಿಯಲ್ಲಿ ಗುಳ್ಳೆ ಎದ್ದಿತು. ಅವರು ನಗುತ್ತಿದ್ದರೋ ಕೆಮ್ಮುತ್ತಿದ್ದರೋ ನನಗೆ ತಿಳಿಯಲಿಲ್ಲ. ನೋವಿಗೆ ಪಕ್ಕೆ ಹಿಡಿದುಕೊಂಡರು. ಮಲಗಿಸು ಎಂದು ಮಾತ್ರ ಕೇಳಲಿಲ್ಲ. ಅಷ್ಟು ದಿನ ಕೇಳುತ್ತಿದ್ದದ್ದನ್ನು ಅವತ್ತು ಕೇಳಲಿಲ್ಲ.

ಯಜಮಾನರು ಹಿರಿಯೂರಿನ ಬಸ್ಸಿಳಿದು ನೇರ ಆಸ್ಪತ್ರೆಗೇ ಬಂದರು. ಅವರನ್ನು ಅತ್ತೆಯ ಹತ್ತಿರ ಕೂರಿಸಿ, ಇನ್ನೆರಡು ದಿಂಬು ತರುತ್ತೇನೆಂದು ನಾನು ಮನೆಗೆ ಹೊರಟೆ. ಮನೆಯಲ್ಲಿ ಬೆಳಿಗ್ಗೆ ತುಂಬಿಸಿದ ಡ್ರಮ್ಮಿಗೆ ಮುಚ್ಚಳ ಹಾಕುವುದನ್ನು ಮರೆತಿದ್ದೆ. ನೀರಿನ ಮೇಲೆ ತೆಳ್ಳಗೆ ಧೂಳು ಕಟ್ಟಿತ್ತು. ಒಲೆಯ ಮೇಲೆ ಹಾಲು ಒಣಗಿ ಹಿಡಿದುಕೊಂಡಿತ್ತು. ಅತ್ತೆಯ ಕೋಣೆಯಲ್ಲಿ ಅವರ ಹಾಸಿಗೆಯನ್ನು ನೀಟಾಗಿ ಬಿಡಿಸಿಟ್ಟಿದ್ದೆ, ಬಂದ ದಿನ ಕಾಲು ಚಾಚಿ ಮಲಗಲಿ ಎಂದು. ಅದರ ಮೇಲಿನ ದಿಂಬುಗಳನ್ನೇ ಎತ್ತಿಕೊಂಡೆ.

ಗೇಟಿನ ಹತ್ತಿರ ಪಕ್ಕದ ಮನೆಯವಳು ಒಣಹಾಕಿದ ಮೆಣಸಿನಕಾಯಿ ಬಳಿದು ಚೀಲಕ್ಕೆ ತುಂಬುತ್ತಿದ್ದಳು. ನನ್ನ ಕೆಂಪು ಸೀರೆ, ಕಂಕುಳಲ್ಲಿನ ದಿಂಬು, ಚೀಲದಿಂದ ಹೊರಗೆ ಇಣುಕುತ್ತಿದ್ದ ಶಾಲು, ಎಲ್ಲವನ್ನೂ ಒಂದೇ ನೋಟದಲ್ಲಿ ನೋಡಿದಳು.

"ಹೆಂಗವ್ರೆ ಅಕ್ಕಾ ನಿಮ್ಮತ್ತೆ?"

"ಇನ್ನೂ ಸ್ವಲ್ಪ ದಿನ ಇರ್ಬೇಕಂತೆ."

"ಇರ್ಲಿ ಬಿಡ್ರಿ, ನಿಮಗೇನು ಚಿಂತೆ" ಎಂದು ಅವಳು ಚೀಲದ ಬಾಯಿ ಕಟ್ಟುತ್ತ ಹೇಳಿದಳು. "ಅಲ್ಲಿರೋ ಡಾಕ್ಟ್ರೆಲ್ಲ ನಿಮ್ಮತ್ರಾನೇ ಕಲ್ತೋರಲ್ವಾ."